ನಿಲ್ಲದ ಕೆಮ್ಮು, ಏರುವ ದಮ್ಮು: ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಗಳ ಅರಿವು ಮತ್ತು ನಿರ್ವಹಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯರೊಬ್ಬರು ನಾಲ್ಕು ಹೆಜ್ಜೆ ನಡೆದು, ನಿಂತು ಏದುಸಿರು ಬಿಟ್ಟರೆ, ‘ವಯಸ್ಸಾಯಿತು, ದಮ್ಮು ಬರುವುದು ಸಹಜ’ ಎಂದು ಮನೆಯವರು ಸುಮ್ಮನಾಗುವುದು ವಾಡಿಕೆ. ಆದರೆ ದಮ್ಮು ವಯಸ್ಸಿನ ಲಕ್ಷಣವಲ್ಲ, ಕಾಯಿಲೆಯ ಲಕ್ಷಣ. ಒಮ್ಮೆ ಹಾಳಾದ ಶ್ವಾಸಕೋಶದ ಭಾಗ ಬಹುಮಟ್ಟಿಗೆ ಮರಳಿ ಸರಿಹೋಗದು. ಉಳಿದ ಭಾಗವನ್ನು ಮಾತ್ರ ಕಾಪಾಡಿಕೊಳ್ಳಬಹುದು. ಆದುದರಿಂದ ಕಾಯಿಲೆಯನ್ನು ಎಷ್ಟು ಬೇಗ ಗುರುತಿಸಲಾಗುವುದೋ ಅಷ್ಟು ಉಸಿರು ಉಳಿಯುತ್ತದೆ. ಈ ಕಾರ್ಯದಲ್ಲಿ ಗ್ರಾಮ ಪಂಚಾಯತಿ ಸದಸ್ಯರ ಪಾತ್ರವೂ ಇದೆ.

ಕಾಯಿಲೆಗಳ ಸ್ವರೂಪ

ಉಸಿರಿನ ಗಾಳಿಯು ಶ್ವಾಸನಾಳಗಳ ಮೂಲಕ ಸಾಗಿ ಅತಿ ಸಣ್ಣ ಗಾಳಿಚೀಲಗಳನ್ನು ತಲುಪುತ್ತದೆ. ಅಲ್ಲಿ ಆಮ್ಲಜನಕವು ರಕ್ತವನ್ನು ಸೇರುತ್ತದೆ. ಅಸ್ತಮಾದಲ್ಲಿ ಶ್ವಾಸನಾಳಗಳು ಊದಿಕೊಂಡು ಆಗಾಗ ಬಿಗಿಯುತ್ತವೆ. ಇದು ಬಾಲ್ಯದಲ್ಲಿಯೇ ಆರಂಭವಾಗಬಹುದು. ರಾತ್ರಿ ಹಾಗೂ ಬೆಳಗಿನ ಜಾವ ಹೆಚ್ಚಾಗಿ ಕಾಡುತ್ತದೆ. ಔಷಧದಿಂದ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ. ಸಿಒಪಿಡಿ ಎಂದು ಕರೆಯಲಾಗುವ ಕಾಯಿಲೆಯಲ್ಲಿ ನಾಳಗಳು ಶಾಶ್ವತವಾಗಿ ಕಿರಿದಾಗಿ, ಗಾಳಿಚೀಲಗಳು ನಾಶವಾಗುತ್ತವೆ. ಇದು ಸಾಮಾನ್ಯವಾಗಿ ನಡುವಯಸ್ಸಿನ ನಂತರ ಕಾಣಿಸಿಕೊಂಡು ವರ್ಷದಿಂದ ವರ್ಷಕ್ಕೆ ಏರುತ್ತದೆ. ಕಲ್ಲು ಒಡೆಯುವಾಗ ಏಳುವ ಸೂಕ್ಷ್ಮ ಧೂಳಿನಿಂದ ಬರುವ ಸಿಲಿಕೋಸಿಸ್ ಗುಣವಾಗುವುದಿಲ್ಲ. ಅದನ್ನು ತಡೆಯುವುದೊಂದೇ ದಾರಿ. ಕ್ಷಯರೋಗ ವಾಸಿಯಾದ ಕೆಲವರಲ್ಲಿಯೂ ಶ್ವಾಸಕೋಶದಲ್ಲಿ ಉಳಿದ ಗಾಯದ ಕಲೆಗಳಿಂದ ಉಸಿರಾಟದ ತೊಂದರೆ ಮುಂದುವರಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಸಿಒಪಿಡಿಯಿಂದ ಮೃತಪಟ್ಟರು.

ಕಾರಣಗಳು

ಶ್ರೀಮಂತ ರಾಷ್ಟ್ರಗಳಲ್ಲಿ ಸಿಒಪಿಡಿ ಪ್ರಕರಣಗಳ ಶೇ. 70ಕ್ಕೂ ಹೆಚ್ಚು ಪಾಲಿಗೆ ಧೂಮಪಾನವೇ ಕಾರಣ. ಭಾರತದಂತಹ ರಾಷ್ಟ್ರಗಳಲ್ಲಿ ಆ ಪಾಲು ಶೇ. 30ರಿಂದ 40 ಮಾತ್ರ. ಉಳಿದುದರಲ್ಲಿ ಒಲೆಯ ಹೊಗೆಯದು ದೊಡ್ಡ ಪಾತ್ರ. ಜೀವಮಾನದಲ್ಲಿ ಬೀಡಿ ಮುಟ್ಟದ ತಾಯಂದಿರಿಗೂ ದಮ್ಮು ಹತ್ತುವುದು ಇದರಿಂದಲೇ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ, ಹತ್ತಿಕಟ್ಟಿಗೆ, ಬೆರಣಿಗಳ ಹೊಗೆಯನ್ನು ಅವರು ದಿನವೂ ಕುಡಿಯುತ್ತಾರೆ. ಮಡಿಲಲ್ಲಿ ಕುಳಿತ ಮಗುವೂ ಕುಡಿಯುತ್ತದೆ. ಉಜ್ವಲಾ ಯೋಜನೆಯು 2016ರ ಮೇ 1ರಂದು ಆರಂಭವಾದ ಮೇಲೆ ಅನೇಕ ಬಡ ಮನೆಗಳಿಗೆ ಸಿಲಿಂಡರ್ ಬಂದಿದೆ. ಆದರೆ ಅದು ಚಹಾ ಕಾಯಿಸಲು ಮಾತ್ರ ಬಳಕೆಯಾಗಿ, ರೊಟ್ಟಿ ಸುಡಲು, ನೀರು ಕಾಯಿಸಲು ಸೌದೆ ಒಲೆಯೇ ಉರಿಯುತ್ತಿದ್ದರೆ ಹೊಗೆ ತಪ್ಪಿದಂತಾಗಲಿಲ್ಲ. ಇವುಗಳೊಂದಿಗೆ ಮೆಕ್ಕೆಜೋಳದ ರಾಶಿಯ ಧೂಳು, ಕಲ್ಲು ಗಣಿ ಹಾಗೂ ಇಟ್ಟಿಗೆ ಭಟ್ಟಿಯ ಕೆಲಸ, ಹೊಲದಲ್ಲಿ ದಂಟು ಸುಡುವಿಕೆ ಸಹ ಸೇರುತ್ತವೆ.

ಪತ್ತೆ

ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ ಮಾಡಿಸಿ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕ್ಷಯವಿಲ್ಲವೆಂದಾದರೆ ‘ಏನೂ ಇಲ್ಲ’ ಎಂದು ಅರ್ಥವಲ್ಲ. ಕೆಮ್ಮು, ಕಫ, ದಮ್ಮು ಮುಂದುವರಿದರೆ ವೈದ್ಯರು ಸ್ಪೈರೊಮೆಟ್ರಿ ಪರೀಕ್ಷೆಗೆ ಕಳುಹಿಸುತ್ತಾರೆ. ಕೊಳವೆಯೊಳಗೆ ಜೋರಾಗಿ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುವುದೆಂದು ಅಳೆಯುವ ಸರಳ ಪರೀಕ್ಷೆ ಇದು, ನೋವಿಲ್ಲ, ಸೂಜಿಯಿಲ್ಲ.

ನಿರ್ವಹಣೆ

ಬೀಡಿ, ಸಿಗರೇಟು ಬಿಡುವುದೇ ಮೊದಲ ಚಿಕಿತ್ಸೆ. ಎರಡನೆಯದು ಇನ್‌ಹೇಲರ್. ‘ಪಂಪು ಹಿಡಿದರೆ ಚಟವಾಗುತ್ತದೆ’ ಎಂಬ ಮಾತು ತಪ್ಪು. ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣದ ಔಷಧ ಸಾಕಾಗುತ್ತದೆ. ದಮ್ಮು ಬಂದಾಗ ತಕ್ಷಣ ಉಪಶಮನ ನೀಡುವುದು ಒಂದು ಬಗೆ. ದಮ್ಮು ಬಾರದಂತೆ ಪ್ರತಿದಿನ ತೆಗೆದುಕೊಳ್ಳುವುದು ಇನ್ನೊಂದು ಬಗೆ. ಚೆನ್ನಾಗಿದ್ದೇನೆಂದು ಎರಡನೆಯದನ್ನು ನಿಲ್ಲಿಸುವುದೇ ಅನೇಕರು ಮಾಡುವ ತಪ್ಪು. ಉಸಿರನ್ನು ಪೂರ್ಣ ಹೊರಬಿಟ್ಟು, ಪಂಪನ್ನು ಒತ್ತುತ್ತಲೇ ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದ ನಂತರ ಬಾಯಿ ಮುಕ್ಕಳಿಸಬೇಕು.

ವೈದ್ಯರ ಸಲಹೆಯಂತೆ ಲಸಿಕೆ, ದಿನನಿತ್ಯದ ನಡಿಗೆ, ಪೌಷ್ಟಿಕ ಆಹಾರವೂ ಅಗತ್ಯ. ತುಟಿ ನೀಲಿಗಟ್ಟಿದರೆ, ಒಂದು ವಾಕ್ಯ ಪೂರೈಸಲಾಗದಷ್ಟು ದಮ್ಮು ಬಂದರೆ ಅಥವಾ ಮಂಪರು ಕವಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಗ್ರಾಮ ಪಂಚಾಯತಿಯ ಕರ್ತವ್ಯ

1. ಮೂವತ್ತು ವರ್ಷ ಮೀರಿದವರ ಮಾಹಿತಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ಪಟ್ಟಿಯಲ್ಲಿ ಅಡುಗೆ ಇಂಧನ, ಹೊಗೆ-ಧೂಳಿನ ಕೆಲಸ, ಉಸಿರಾಟದ ತೊಂದರೆ ಕುರಿತ ಪ್ರಶ್ನೆಗಳಿವೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ, ಯಾರ ಹೆಸರನ್ನೂ ಬಹಿರಂಗಪಡಿಸದೆ, ಇಂತಹ ಎಷ್ಟು ಜನರು ತಪಾಸಣೆಗೆ ಹೋಗಿದ್ದಾರೆಂದು ಪರಿಶೀಲಿಸುವುದು.

2. ಕ್ಷಯಮುಕ್ತ ಪಂಚಾಯತಿ ಕಾರ್ಯಕ್ರಮದಲ್ಲಿ ಗುಣಮುಖರಾದವರ ಉಸಿರಾಟದ ಸ್ಥಿತಿಯನ್ನೂ ಆರೋಗ್ಯ ಸಿಬ್ಬಂದಿಯಿಂದ ವಿಚಾರಿಸುವುದು.

3. ಸಿಲಿಂಡರ್ ಮರುಭರ್ತಿ ಮಾಡಿಸದ ಮನೆಗಳ ಕಾರಣ ತಿಳಿಯುವುದು. ಸೌದೆ ಅನಿವಾರ್ಯವಾದಲ್ಲಿ ಹೊಗೆಗೂಡು, ಕಿಟಕಿಗಳ ಬಗ್ಗೆ ತಿಳಿವಳಿಕೆ ನೀಡುವುದು.

4. 2003ರ ತಂಬಾಕು ನಿಯಂತ್ರಣ ಕಾಯ್ದೆಯಂತೆ ಪಂಚಾಯತಿ ಕಚೇರಿ, ಬಸ್ ನಿಲ್ದಾಣಗಳಲ್ಲಿ ಧೂಮಪಾನವನ್ನೂ ಶಾಲೆಯ ಬಳಿ ತಂಬಾಕು ಮಾರಾಟವನ್ನೂ ತಡೆಯುವುದು. ಕಸಕ್ಕೆ ಬೆಂಕಿ ಹಚ್ಚದಂತೆ ನೋಡಿಕೊಳ್ಳುವುದು.

5. ‘ಆರೋಗ್ಯಕರ ಗ್ರಾಮ’ ಎಂಬ ಆಶಯದಡಿ ಈ ವಿಷಯವನ್ನು ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

ಚರ್ಚೆಗೆ

ತಮ್ಮ ವಾರ್ಡಿನಲ್ಲಿ ದಮ್ಮಿನಿಂದ ಹೊಲದ ಕೆಲಸ ಬಿಟ್ಟವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡಿದ್ದಾರೆ? ಈ ಎರಡು ಸಂಖ್ಯೆಗಳ ನಡುವಣ ಅಂತರವನ್ನು ತಗ್ಗಿಸುವುದೇ ಪಂಚಾಯತಿಯ ಮುಂದಿರುವ ಮೊದಲ ಕೆಲಸ.