ಸೃಷ್ಟಿಯೆಂಬ ದಾನ

ಪ್ರತಿನಿತ್ಯವೂ ಕರ್ಮದ ಕೊನೆಯಲ್ಲಿ ನಾವು ಶ್ರೀಕೃಷ್ಣಾರ್ಪಣವೆಂದು ನೀರು ಬಿಡುತ್ತೇವೆ. ನೀರು ಅವನದು, ಕೈ ಅವನದು, ಬಿಡಬೇಕೆಂಬ ಬುದ್ಧಿಯೂ ಅವನ ಪ್ರೇರಣೆ. ಹೀಗಿರುವಾಗ ನಾವು ಕೊಟ್ಟದ್ದೇನು? ಸೃಷ್ಟಿಯನ್ನು ದಾನವೆಂದು ತಿಳಿಯಬಹುದೇ ಎಂಬ ವಿಚಾರವು ಪಾಶ್ಚಾತ್ಯ ವಿದ್ವದ್ಗೋಷ್ಠಿಗಳಲ್ಲಿ ಈಚಿನ ದಶಕಗಳಿಂದ ಚರ್ಚೆಯಲ್ಲಿದೆ. ಅದನ್ನು ನಮ್ಮ ಸಿದ್ಧಾಂತದ ಬೆಳಕಿನಲ್ಲಿ, ನಮ್ಮ ಸೀಮೆಯ ಕ್ಷೇತ್ರಗಳನ್ನು ಸ್ಮರಿಸುತ್ತ ಪರಿಶೀಲಿಸುವುದು ಉಚಿತವಾಗಿದೆ.

ಫ್ರಾನ್ಸ್ ದೇಶದ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸರು 1925ರಲ್ಲಿ ಪ್ರಕಟವಾದ ದಾನವಿಷಯಕ ಪ್ರಬಂಧದಲ್ಲಿ, ನಮ್ಮ ಮಹಾಭಾರತದ ಅನುಶಾಸನಪರ್ವವನ್ನೂ ಗಮನಿಸಿ, ಕೊಟ್ಟ ವಸ್ತು ಮರಳಿ ಕೊಡಬೇಕೆಂಬ ಹಂಗನ್ನು ಹೊತ್ತೇ ಬರುತ್ತದೆಂದು ತೋರಿಸಿದರು. ಅದೇ ದೇಶದ ಡೆರಿಡಾ ಅವರು 1991ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋಗಿ, ಇದು ದಾನವೆಂದು ಪಡೆದವನು ಅರಿತ ಕ್ಷಣವೇ ಅದು ಸಾಲವಾಗಿಬಿಡುತ್ತದೆ, ಆದುದರಿಂದ ಶುದ್ಧವಾದ ದಾನವೇ ದುರ್ಘಟವೆಂದು ವಾದಿಸಿದರು. ಆಕ್ಷೇಪ ಹಗುರವಾದುದಲ್ಲ. "ಇದನ್ನು ನಡೆಸಿಕೊಡು, ಅದನ್ನು ಒಪ್ಪಿಸುತ್ತೇನೆ" ಎಂದು ಹರಕೆ ಹೊತ್ತು ದೇವರೊಡನೆ ವ್ಯಾಪಾರಕ್ಕಿಳಿಯುವ ನಮ್ಮ ಮನೆಗಳಿಗೂ ಅದು ತಾಗುತ್ತದೆ.

ಶ್ರೀಮದಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಇದಕ್ಕೆ ಮೂಲವಾದ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾರೆ. ಪ್ರಯೋಜನವನ್ನು ಬಯಸುವವನು ಕೊರತೆಯುಳ್ಳವನು. ಪೂರ್ಣಾನಂದನಾದ ಹರಿಗೆ ಯಾವ ಕೊರತೆ? ಸುಖದ ಅತಿಶಯದಿಂದ ಮೈಮರೆತವನು ಹಾಡಿ ಕುಣಿಯುವಂತೆ, ಆನಂದದಿಂದಲೇ ಅವನ ಸೃಷ್ಟಿವ್ಯಾಪಾರ ನಡೆಯುತ್ತದೆ. ಕುಣಿಯುವವನು ಕೂಲಿ ಕೇಳುವುದಿಲ್ಲ. ಆದುದರಿಂದ ನಮ್ಮ ಪೂಜೆಯು ಸಾಲದ ಕಂತಲ್ಲ; ಪಡೆದುದನ್ನು ಪಡೆದೆನೆಂದು ತಿಳಿಯುವ ಜ್ಞಾನವದು. ಆ ಜ್ಞಾನವೂ ಅವನ ಪ್ರಸಾದವೇ ಆಗಿರುವಾಗ ಸಾಲ ತೀರಿಸುವ ಮಾತೆಲ್ಲಿ?

ಇನ್ನೊಂದು ಅಂಶವುಂಟು. ದಾನವೆಂದ ಮೇಲೆ ಕೊಡುವವನು ಬೇರೆ, ಪಡೆಯುವವನು ಬೇರೆ ಇರಬೇಕು. ಇಬ್ಬರೂ ಒಂದೇ ಆದರೆ ಅದು ಎಡಗೈಯಿಂದ ಬಲಗೈಗೆ ನಾಣ್ಯ ದಾಟಿಸಿದಂತೆ. ನಮ್ಮ ಮತದಲ್ಲಿ ಜೀವನು ಅನಾದಿ, ಈಶ್ವರನಿಂದ ಸತ್ಯವಾಗಿ ಭಿನ್ನ. ಪ್ರಳಯದಲ್ಲಿ ಭಗವಂತನ ಉದರದಲ್ಲಿದ್ದ ಜೀವನಿಗೆ ದೇಹವನ್ನೂ ಇಂದ್ರಿಯಗಳನ್ನೂ ಅನುಗ್ರಹಿಸುವುದೇ ಅವನ ಸೃಷ್ಟಿ. ಇದನ್ನೇ ಶಾಸ್ತ್ರಕಾರರು ಪರಾಧೀನವಿಶೇಷಾಪ್ತಿ ಎನ್ನುತ್ತಾರೆ. ಎಂದರೆ ಇನ್ನೊಬ್ಬನ ಅಧೀನದಿಂದ ಹೊಸ ವಿಶೇಷವೊಂದನ್ನು ಹೊಂದುವುದು. ಅನಾದಿಯಾದ ಜೀವನ ಇರವು ಕೂಡ ಅವನ ಅನುಗ್ರಹದಿಂದಲೇ ನಿಂತಿದೆಯೆಂದು ಭಾಗವತದ ದ್ವಿತೀಯ ಸ್ಕಂಧ ಸಾರುತ್ತದೆ. ಜೀವನ ಕರ್ತೃತ್ವಕ್ಕೆ ನಮ್ಮವರು ದತ್ತಸ್ವಾತಂತ್ರ್ಯವೆಂದೇ ಹೆಸರಿಟ್ಟಿದ್ದಾರೆ. ಕೊಡಲ್ಪಟ್ಟದ್ದೆಂಬ ಅರ್ಥ ಹೆಸರಿನಲ್ಲಿಯೇ ಇದೆ.

ಹಾಗಾದರೆ ದುಃಖವೂ ದಾನವೇ ಎಂದು ಕೇಳುವವರುಂಟು. ಜೀವರ ಅನಾದಿಕರ್ಮವನ್ನು ಅನುಸರಿಸಿಯೇ ಫಲವೀಯುವುದರಿಂದ ಹರಿಗೆ ಪಕ್ಷಪಾತವಾಗಲಿ ನಿರ್ದಯೆಯಾಗಲಿ ಇಲ್ಲವೆಂಬುದು ಸೂತ್ರಕಾರರ ನಿರ್ಣಯ. ಆದರೆ ಮಗುವನ್ನು ಕಳೆದುಕೊಂಡ ಮನೆಗೆ ಹೋಗಿ ಈ ನಿರ್ಣಯವನ್ನು ಪಾಠ ಒಪ್ಪಿಸುವಂತೆ ಹೇಳಕೂಡದು. ನೆರೆಯವರ ಕಣ್ಣೀರಿನ ಮೇಲೆ ತೀರ್ಪು ಕೊಡಲೆಂದು ಶಾಸ್ತ್ರ ಹುಟ್ಟಿಲ್ಲ.

ಈ ತತ್ತ್ವ ಕಣ್ಣಿಗೆ ಕಾಣುವ ಎಡೆಗಳು ನಮ್ಮ ಸೀಮೆಯಲ್ಲಿಯೇ ಇವೆ. ಆದಿರಂಗವಾದ ಶ್ರೀರಂಗಪಟ್ಟಣದಲ್ಲಿ ಶೇಷಶಾಯಿಯನ್ನು ಕಂಡಾಗ ಸೃಷ್ಟಿಗೆ ಮುಂಚಿನ ಸ್ಥಿತಿಯ ನೆನಪಾಗುವುದು ಸಹಜ. ಅಲ್ಲಿಂದ ಕೃಷ್ಣರಾಜಪೇಟೆ ತಾಲ್ಲೂಕಿನ ಕಲ್ಲಹಳ್ಳಿಗೆ ಹೋದರೆ, ಹೇಮಾವತಿಯ ದಡದಲ್ಲಿ ಭೂದೇವಿಯನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಬೃಹದಾಕಾರದ ಭೂವರಾಹಮೂರ್ತಿಯ ದರ್ಶನವಾಗುತ್ತದೆ. ಮುಳುಗಿದ ಭೂಮಿಯನ್ನು ಎತ್ತಿ ಪ್ರಜೆಗಳ ವಾಸಕ್ಕೆಂದು ನಿಲ್ಲಿಸಿದ ಸ್ವಾಮಿ, ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ತೊಡೆಯಿಂದ ಇಳಿಸಲೂ ಇಲ್ಲ. ಕೊಟ್ಟ ಮೇಲೂ ಕಾಯುತ್ತಿರುವವನು ಅವನು. ಈ ಮೂರ್ತಿಯ ಮುಂದೆ ಭೂಮಿ ನಮ್ಮದೆಂದು ಹೇಳಲು ನಾಲಗೆ ಏಳುವುದು ಕಷ್ಟ.

ದಾನಕ್ಕೂ ಪಾಲನೆಗೂ ಇರುವ ಈ ನಂಟು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ ಗಂಗ ಶ್ರೀಪುರುಷನ ತಾಮ್ರಶಾಸನ ಶಕವರ್ಷ 698ಕ್ಕೆ, ಎಂದರೆ ಕ್ರಿ.ಶ. 776ಕ್ಕೆ ಸೇರಿದ್ದು. ಅದು ಜಿನಾಲಯಕ್ಕೆ ಕೊಟ್ಟ ಗ್ರಾಮದಾನ. ಕೊಡುವ ಧರ್ಮ ಒಂದು ಮತದ ಸೊತ್ತಲ್ಲ. ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಮಾತಿನ ಭಾವವಿದು: ದಾನ ಮಾಡುವುದಕ್ಕಿಂತ ಮಾಡಿದ ದಾನವನ್ನು ಕಾಪಾಡುವುದು ಹೆಚ್ಚಿನದು. ರಾಜನು ಕೊಟ್ಟ ಗದ್ದೆಗೇ ಈ ನಿಯಮವಿರುವಾಗ ನಾರಾಯಣನು ಕೊಟ್ಟ ನದಿಗೆ ಇಲ್ಲವೇ?

ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ತಂಗಿದ್ದರೆಂಬ ಪ್ರತೀತಿಯಿದೆ. ಆ ಬೆಟ್ಟವನ್ನು ಕಂಡಾಗಲೆಲ್ಲ ಏಕಚಕ್ರಪುರದ ಕಥೆ ಮನಸ್ಸಿಗೆ ಬರುತ್ತದೆ. ಮಕ್ಕಳು ತಂದ ಭಿಕ್ಷಾನ್ನದಲ್ಲಿ ಕುಂತೀದೇವಿ ಅರ್ಧವನ್ನು ಭೀಮಸೇನನಿಗೇ ಬಡಿಸುತ್ತಿದ್ದಳು. ಆಶ್ರಯವಿತ್ತ ಬ್ರಾಹ್ಮಣನ ಮನೆಗೆ ಬಕಾಸುರನ ಸರದಿ ಬಂದಾಗ ಅದೇ ಮಗನನ್ನು ಕಳುಹಿದಳು. ಧರ್ಮರಾಜನ ಆಕ್ಷೇಪಕ್ಕೂ ಬಗ್ಗಲಿಲ್ಲ. ಊರಿನ ಅನ್ನ ಉಂಡ ವಾಯುಪುತ್ರನು ಆ ಊರನ್ನೇ ಉಳಿಸಿದನು. ಉಂಡ ಭಿಕ್ಷೆಯನ್ನು ಅಳೆದು ಹಿಂದಿರುಗಿಸಲಿಲ್ಲ. ಆ ಅನ್ನದಿಂದ ಬಂದ ಬಲವನ್ನು ಕೊಟ್ಟವರ ರಕ್ಷಣೆಗೆ ಹಚ್ಚಿದನು.

ಈಗ ಪಶ್ಚಿಮವಾಹಿನಿಯ ಮಾತು. ಶ್ರೀರಂಗಪಟ್ಟಣದ ಈ ತೀರ್ಥಕ್ಕೆ ಅಸ್ಥಿವಿಸರ್ಜನೆಗೆಂದು, ಅಪರಕರ್ಮಕ್ಕೆಂದು ನಮ್ಮ ಕುಟುಂಬಗಳು ದೂರದೂರುಗಳಿಂದ ಬರುತ್ತವೆ. ಪಿಂಡವೂ ತಿಲೋದಕವೂ ವಿಧಿವಿಹಿತವಾದವು. ಉಟ್ಟ ಬಟ್ಟೆಯನ್ನು ಕಾವೇರಿಯಲ್ಲಿ ಬಿಡುವುದು, ಸಾಮಗ್ರಿ ತಂದ ಪ್ಲಾಸ್ಟಿಕ್ ಚೀಲವನ್ನು ಹಾಗೆಯೇ ನೀರಿಗೆ ಎಸೆಯುವುದು, ಚಿತ್ರಪಟಗಳನ್ನು ತೇಲಿಬಿಡುವುದು ಯಾವ ವಿಧಿ? ಅರ್ಪಣವೆಂಬ ಹೆಸರಿನಿಂದ ಕಸ ದಾನವಾಗದು. ಮುಂದಿನ ಸಲ ಹೋಗುವವರು ಒಂದು ಬಟ್ಟೆಯ ಚೀಲ ಒಯ್ದು, ಒದ್ದೆ ಬಟ್ಟೆಯನ್ನು ಅದರಲ್ಲಿಯೇ ತುಂಬಿಕೊಂಡು ಮರಳಲಿ. ಪುರೋಹಿತರಿಗೂ ಈ ಮಾತನ್ನು ಮೊದಲೇ ವಿನಯದಿಂದ ತಿಳಿಸಿಡುವುದು ಒಳ್ಳೆಯದು.