ಗೋದಾಮಿನ ಹವೆಗೂ ಒಂದು ದಿನವಹಿ: ಉಷ್ಣಾಂಶ ಮತ್ತು ಆರ್ದ್ರತೆಯ ಚಾರ್ಟ್ ರೆಕಾರ್ಡರ್ ಬಳಸುವ ಕ್ರಮ

ಸರಕು ಒಳಗೆ ಬಂದಾಗ ಒಂದು ತೂಕ, ಹೊರಗೆ ಹೋಗುವಾಗ ಮತ್ತೊಂದು ತೂಕ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ವ್ಯಾಪಾರಸ್ಥರಿಗೆ ಇದು ಹೊಸ ಅನುಭವವಲ್ಲ. ಈ ಭಾಗದ ಮುಖ್ಯ ಸರಕುಗಳಾದ ರೇಷ್ಮೆ, ಅರಿಸಿನ, ಭತ್ತ ಮತ್ತು ಅಕ್ಕಿ ಇವೆಲ್ಲವೂ ಗಾಳಿಯಿಂದ ತೇವವನ್ನು ಹೀರುವ, ಗಾಳಿಗೆ ತೇವವನ್ನು ಬಿಟ್ಟುಕೊಡುವ ಸರಕುಗಳು. ಮಾರ್ಚ್ ತಿಂಗಳ ಒಣ ಹವೆಯಲ್ಲಿ ಹಗುರಾದ ಸರಕು ಅಕ್ಟೋಬರ್ ತಿಂಗಳ ಮಳೆಯಲ್ಲಿ ಭಾರವಾಗುತ್ತದೆ. ಈ ವ್ಯತ್ಯಾಸದಲ್ಲಿ ಹವೆಯ ಪಾಲೆಷ್ಟು, ಕೈತಪ್ಪಿದ ಸರಕಿನ ಪಾಲೆಷ್ಟು ಎಂದು ವಿಂಗಡಿಸಲು ಹವೆಯದೇ ಒಂದು ದಾಖಲೆ ಬೇಕು. ಆ ದಾಖಲೆಯನ್ನು ಬರೆಯುವ ಸಾಧನವೇ ಉಷ್ಣಾಂಶ ಮತ್ತು ಆರ್ದ್ರತೆಯ ಚಾರ್ಟ್ ರೆಕಾರ್ಡರ್. ಹಗಲಿರುಳೂ ತಾನಾಗಿಯೇ ಬರೆದುಕೊಳ್ಳುವ ಈ ಚಾರ್ಟು ಗೋದಾಮಿನ ಹವೆಯ ದಿನವಹಿ ಇದ್ದಂತೆ. ದಿನವಹಿಗೆ ಅನ್ವಯಿಸುವ ಶಿಸ್ತೆಲ್ಲವೂ ಇದಕ್ಕೂ ಅನ್ವಯಿಸುತ್ತದೆ.

ತೂಕದ ಲೆಕ್ಕ

1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವು ರೇಷ್ಮೆಯಿಂದ ಹೆಸರಾದ ಊರು. ಗೂಡು, ಕಚ್ಚಾ ರೇಷ್ಮೆ, ಹುರಿ ನೂಲು, ಸೀರೆ ಎಂಬ ಪ್ರತಿ ಹಂತದಲ್ಲಿಯೂ ಇಲ್ಲಿನ ವ್ಯವಹಾರ ತಕ್ಕಡಿಯ ಮೇಲೆ ನಡೆಯುತ್ತದೆ. ಕಚ್ಚಾ ರೇಷ್ಮೆಗೆ ವ್ಯಾಪಾರದಲ್ಲಿ ಒಪ್ಪಿತವಾದ ತೇವದ ಪ್ರಮಾಣ ಶೇಕಡ 11. ಇದು ಸಂಪೂರ್ಣ ಒಣಗಿಸಿದ ತೂಕದ ಮೇಲಿನ ಶೇಕಡಾವಾರು. ಒಟ್ಟು ತೂಕದ ಮೇಲೆ ಲೆಕ್ಕ ಹಾಕಿದರೆ ಸುಮಾರು 9.9 ಆಗುತ್ತದೆ. ಈ ಎರಡನ್ನು ಬೆರೆಸಬಾರದು.

ಒಪ್ಪಿತ ತೇವದಲ್ಲಿರುವ 100 ಕಿ.ಗ್ರಾಂ. ಕಚ್ಚಾ ರೇಷ್ಮೆಯಲ್ಲಿ ಒಣ ರೇಷ್ಮೆ 90.09 ಕಿ.ಗ್ರಾಂ. ಮಾತ್ರ. ಅದೇ ರೇಷ್ಮೆ ತೇವದ ಕೋಣೆಯಲ್ಲಿ ಶೇಕಡ 14ಕ್ಕೆ ಏರಿದರೆ ತಕ್ಕಡಿ 102.70 ಕಿ.ಗ್ರಾಂ. ತೋರಿಸುತ್ತದೆ, ಶೇಕಡ 9ಕ್ಕೆ ಇಳಿದರೆ 98.20 ಕಿ.ಗ್ರಾಂ. ತೋರಿಸುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಕಿಲೋ ಒಂದಕ್ಕೆ 4,000 ರೂ. ಎಂದಿಟ್ಟುಕೊಂಡರೆ ಕೊಂಡವನು ಮೊದಲ ಸಂದರ್ಭದಲ್ಲಿ 10,800 ರೂ.ಗಳನ್ನು ನೀರಿಗೆ ತೆರುತ್ತಾನೆ. ಎರಡನೆಯದರಲ್ಲಿ ಮಾರಿದವನು 7,200 ರೂ. ಕಳೆದುಕೊಳ್ಳುತ್ತಾನೆ.

ಇದರ ಪೆಟ್ಟು ಹೆಚ್ಚಾಗಿ ತಗಲುವುದು ಕೂಲಿಗೆ ನೇಯುವವರಿಗೆ ಮತ್ತು ಹುರಿ ಮಾಡಿಕೊಡುವವರಿಗೆ. ತೂಗಿ ಕೊಟ್ಟ ಒಂದು ಕಿಲೋ ನೂಲು ಶೇಕಡ 11ರಿಂದ 9ಕ್ಕೆ ಒಣಗಿದರೆ ಹಿಂದಿರುಗುವಾಗ 982 ಗ್ರಾಂ ಇರುತ್ತದೆ. ಆ 18 ಗ್ರಾಂ ಕೊರತೆಯನ್ನು ಮಜೂರಿಯಲ್ಲಿ ಮುರಿದುಕೊಂಡರೆ ನಿರಪರಾಧಿಗೆ ದಂಡ ವಿಧಿಸಿದಂತಾಗುತ್ತದೆ. ಎಲ್ಲ ಕೊರತೆಯನ್ನೂ ಹವೆಯ ಮೇಲೆ ಹಾಕಿದರೆ ಕಳವಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಅಂಟು ತೆಗೆಯುವಾಗ, ಅಂದರೆ ಬೇಯಿಸುವಾಗ, ಆಗುವ ತೂಕ ನಷ್ಟವು ಬೇರೆ ಬಾಬ್ತು. ಅದನ್ನು ಇದರೊಂದಿಗೆ ಸೇರಿಸಬಾರದು.

ಭತ್ತದ ವಿಷಯದಲ್ಲಿ ಶೇಕಡಾವಾರನ್ನು ಒಟ್ಟು ತೂಕದ ಮೇಲೆ ಹೇಳುವುದು ರೂಢಿ. ಶೇಕಡ 17 ತೇವದ 100 ಕ್ವಿಂಟಾಲ್ ಭತ್ತ ಶೇಕಡ 14ಕ್ಕೆ ಒಣಗಿದಾಗ 96.51 ಕ್ವಿಂಟಾಲ್ ಉಳಿಯುತ್ತದೆ. ಮೂರು ಅಂಶ ತೇವ ಇಳಿದರೆ ಮೂರೇ ಕ್ವಿಂಟಾಲ್ ಇಳಿಯುತ್ತದೆ ಎಂಬ ಎಣಿಕೆ ಸರಿಯಲ್ಲ. ಇಳಿಕೆ ಸುಮಾರು ಮೂರೂವರೆ ಕ್ವಿಂಟಾಲ್.

ಯಂತ್ರದ ಸ್ವರೂಪ

ಯಂತ್ರದಲ್ಲಿ ಎರಡು ಲೇಖನಿಗಳಿರುತ್ತವೆ. ಒಂದನ್ನು ನಡೆಸುವುದು ಎರಡು ಲೋಹಗಳನ್ನು ಬೆಸೆದ ಪಟ್ಟಿ. ಶಾಖಕ್ಕೆ ಎರಡೂ ಲೋಹಗಳು ಸಮನಾಗಿ ಹಿಗ್ಗದ ಕಾರಣ ಪಟ್ಟಿ ಬಾಗುತ್ತದೆ. ಇನ್ನೊಂದನ್ನು ನಡೆಸುವುದು ಕೂದಲಿನ ಎಳೆಗಳ ಕಟ್ಟು. ಹವೆ ಪೂರ್ಣ ಒಣಗಿದ ಸ್ಥಿತಿಯಿಂದ ಪೂರ್ಣ ತೇವದ ಸ್ಥಿತಿಗೆ ಬಂದಾಗ ಕೂದಲು ಸುಮಾರು ಶೇಕಡ ಎರಡೂವರೆಯಷ್ಟು ಉದ್ದವಾಗುತ್ತದೆ. ಈ ಗುಣವನ್ನು ಬಳಸಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 1783ರ ವೇಳೆಗೆ ಆರ್ದ್ರತಾಮಾಪಕವನ್ನು ರೂಪಿಸಿದ್ದನು. ಗಡಿಯಾರದ ಯಂತ್ರವು ಚಾರ್ಟು ಸುತ್ತಿದ ಉರುಳೆಯನ್ನು ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಒಂದು ಸುತ್ತು ತಿರುಗಿಸುತ್ತದೆ. ಉರುಳೆಯ ಬದಲು ತಟ್ಟೆಯಂತಹ ದುಂಡು ಚಾರ್ಟು ಬಳಸುವ ಮಾದರಿಗಳೂ ಉಂಟು. ಗೋದಾಮಿಗೆ ವಾರದ ಚಾರ್ಟು ಸಾಕು. ಹುಳು ಸಾಕುವ ಮನೆಗೆ ದಿನದ ಚಾರ್ಟು ಹೆಚ್ಚು ಉಪಯುಕ್ತ.

ಈ ಯಂತ್ರ ಅಳೆಯುವುದು ಹವೆಯನ್ನೇ ಹೊರತು ಸರಕಿನೊಳಗಿನ ತೇವವನ್ನಲ್ಲ ಎಂಬುದನ್ನು ಮರೆಯಬಾರದು. ಸರಕಿನ ತೇವಕ್ಕೆ ಮಾದರಿ ತೆಗೆದು ಒಣಗಿಸಿ ತೂಗುವ ಪರೀಕ್ಷೆಯೇ ಆಧಾರ.

ಸ್ಥಳದ ಆಯ್ಕೆ

ಸರಕಿನ ಅಟ್ಟಿಯ ಎತ್ತರದ ಮಧ್ಯಭಾಗಕ್ಕೆ ಸಮನಾಗಿ, ಅಲುಗಾಡದ ಹಲಗೆಯ ಮೇಲೆ ಯಂತ್ರವನ್ನು ಇರಿಸತಕ್ಕದ್ದು. ಬಿಸಿಲು ಬೀಳುವ ಕಿಟಕಿ, ತಗಡಿನ ಸೂರಿನ ಕೆಳಭಾಗ, ಬಾಗಿಲಿನ ಎದುರು, ಒಲೆ ಅಥವಾ ಬಾಯ್ಲರ್ ಇರುವ ಗೋಡೆ ಇವು ಸಲ್ಲವು. ಹುರಿ ಯಂತ್ರ ಮತ್ತು ಮಗ್ಗಗಳ ಕಂಪನದಿಂದ ರೇಖೆ ನಡುಗುವುದರಿಂದ ಅವುಗಳಿಗೆ ತಗುಲಿದ ಗೋಡೆಯನ್ನೂ ಬಿಡಬೇಕು.

ಚಾರ್ಟು ಬದಲಿಸುವ ಕ್ರಮ

ವಾರದ ಒಂದು ನಿಶ್ಚಿತ ದಿನ, ಒಂದು ನಿಶ್ಚಿತ ವೇಳೆ, ಒಬ್ಬ ನಿಶ್ಚಿತ ನೌಕರ ಎಂಬುದು ಮೊದಲ ನಿಯಮ. ಉದಾಹರಣೆಗೆ ಸೋಮವಾರ ಬೆಳಿಗ್ಗೆ 9 ಗಂಟೆ.

1. ಹಳೆಯ ಚಾರ್ಟು ತೆಗೆಯುವ ಮೊದಲು ಲೇಖನಿಯನ್ನು ಕೂದಲೆಳೆಯಷ್ಟು ಮೇಲೆತ್ತಿ ಬಿಟ್ಟು ವೇಳೆಯ ಗುರುತು ಮಾಡಬೇಕು. ಅನಂತರ ಲೇಖನಿಗಳನ್ನು ಕಾಗದದಿಂದ ಸರಿಸಿ ಉರುಳೆಯನ್ನು ಹೊರತೆಗೆಯಬೇಕು.

2. ಗಡಿಯಾರಕ್ಕೆ ಕೀಲಿ ಕೊಡಬೇಕು, ಬ್ಯಾಟರಿಯದಾದರೆ ಪರೀಕ್ಷಿಸಬೇಕು.

3. ಹೊಸ ಚಾರ್ಟಿನ ಅಳತೆಯ ವ್ಯಾಪ್ತಿ ಮತ್ತು ಅವಧಿ ಯಂತ್ರಕ್ಕೆ ಹೊಂದುವುದೇ ಎಂದು ನೋಡಬೇಕು. ದಿನದ ಚಾರ್ಟನ್ನು ವಾರದ ಗಡಿಯಾರಕ್ಕೆ ಹಾಕಿದರೆ ಇಡೀ ದಾಖಲೆ ವ್ಯರ್ಥ. ಚಾರ್ಟಿನ ಕೆಳ ಅಂಚು ಉರುಳೆಯ ಅಂಚಿಗೆ ಸುತ್ತಲೂ ತಾಗಿ ಕೂರಬೇಕು, ಸಡಿಲವಿರಬಾರದು.

4. ಲೇಖನಿಗೆ ಬೇಗ ಆರದ, ಗ್ಲಿಸರಿನ್ ಬೆರೆತ ಮಸಿಯನ್ನೇ ಹಾಕಬೇಕು. ಬರೆಯುವ ಪೆನ್ನಿನ ಮಸಿ ಬೇಸಿಗೆಯಲ್ಲಿ ಒಂದೆರಡು ದಿನಗಳಲ್ಲಿಯೇ ಆರಿಹೋಗುತ್ತದೆ.

5. ವೇಳೆ ಹೊಂದಿಸುವಾಗ ಉರುಳೆಯ ಕೊನೆಯ ಚಲನೆ ಅದು ಸಹಜವಾಗಿ ತಿರುಗುವ ದಿಕ್ಕಿಗೆ ವಿರುದ್ಧವಾಗಿರಬೇಕು. ಹಲ್ಲುಗಾಲಿಗಳ ನಡುವಿನ ಸಡಿಲ ಇದರಿಂದ ಹೋಗುತ್ತದೆ. ಇಲ್ಲವಾದರೆ ಉರುಳೆ ಕೆಲಕಾಲ ನಿಂತೇ ಇದ್ದು, ದಾಖಲೆಯ ವೇಳೆ ಹಿಂದೆ ಬೀಳುತ್ತದೆ.

6. ಚಾರ್ಟಿನ ಹಿಂಬದಿಯಲ್ಲಿ ಯಂತ್ರದ ಸಂಖ್ಯೆ, ಕೋಣೆಯ ಹೆಸರು, ಹಾಕಿದ ಮತ್ತು ತೆಗೆದ ದಿನಾಂಕ ಹಾಗೂ ವೇಳೆ, ತಾಳೆ ನೋಡಿದ ಅಂಕಿಗಳು, ನೌಕರನ ಸಹಿ ಇರಬೇಕು.

ತಾಳೆ ನೋಡುವುದು

ಬ್ಯಾಂಕಿನ ಪಾಸ್ ಪುಸ್ತಕದೊಡನೆ ನಗದು ಪುಸ್ತಕವನ್ನು ತಾಳೆ ನೋಡುವಂತೆ ಯಂತ್ರವನ್ನು ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕದೊಡನೆ ಪ್ರತಿ ವಾರ ತಾಳೆ ನೋಡಬೇಕು. ಒದ್ದೆ ಬುರುಡೆಯ ಬಟ್ಟೆ ಶುಭ್ರವಾಗಿರಬೇಕು; ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು; ಬುರುಡೆಗೆ ಗಾಳಿ ತಾಗುವಂತಿರಬೇಕು. ಒಣ ಬುರುಡೆ 28 ಡಿಗ್ರಿ, ಒದ್ದೆ ಬುರುಡೆ 25 ಡಿಗ್ರಿ ಇದ್ದರೆ ಆರ್ದ್ರತೆ ಸುಮಾರು ಶೇಕಡ 78. ಯಂತ್ರ 70 ತೋರಿಸುತ್ತಿದ್ದರೆ ತಿದ್ದುವ ತಿರುಪಿನಿಂದ ಸರಿಪಡಿಸಿ, ಸರಿಪಡಿಸಿದ ವೇಳೆ ಮತ್ತು ಪ್ರಮಾಣವನ್ನು ಚಾರ್ಟಿನ ಮೇಲೆಯೇ ಬರೆಯಬೇಕು. ಗುಟ್ಟಾಗಿ ತಿದ್ದಿದ ಯಂತ್ರ ಗುಟ್ಟಾಗಿ ತಿದ್ದಿದ ವಹಿಗಿಂತ ಭಿನ್ನವಲ್ಲ.

ಇನ್ನೊಂದು ಸುಲಭ ಪರೀಕ್ಷೆಯುಂಟು. ಕರಗದೆ ಉಪ್ಪು ತಳದಲ್ಲಿ ಉಳಿಯುವಷ್ಟು ಶುದ್ಧ ಅಡುಗೆ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಬೆರೆಸಿ, ಗಾಳಿಯಾಡದ ಪೆಟ್ಟಿಗೆಯಲ್ಲಿ ಯಂತ್ರದ ಜೊತೆ ಇಟ್ಟರೆ ಒಳಗಿನ ಆರ್ದ್ರತೆ ಶೇಕಡ 75ರಲ್ಲಿ ನಿಲ್ಲುತ್ತದೆ. ಬೇಸಿಗೆಯುದ್ದಕ್ಕೂ ಒಣ ಹವೆಯಲ್ಲಿದ್ದ ಕೂದಲು ಜಡವಾಗಿರುತ್ತದೆ. ಒದ್ದೆ ಬಟ್ಟೆಯನ್ನು ಅದಕ್ಕೆ ತಾಗದಂತೆ ಯಂತ್ರದ ಸುತ್ತ ಹೊದಿಸಿ ಸುಮಾರು ಒಂದು ಗಂಟೆ ಬಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಕೂದಲನ್ನು ಬೆರಳಿನಿಂದ ಮುಟ್ಟಲೇಬಾರದು. ಬೆರಳಿನ ಜಿಡ್ಡು ಅದನ್ನು ಕೆಡಿಸುತ್ತದೆ.

ರೇಖೆಗಳನ್ನು ಓದುವ ಬಗೆ

ಬೆಳಗಿನ ಜಾವ 22 ಡಿಗ್ರಿ ಉಷ್ಣಾಂಶ ಮತ್ತು ಶೇಕಡ 85 ಆರ್ದ್ರತೆ ಇದ್ದ ಕೋಣೆ ಮಧ್ಯಾಹ್ನ 34 ಡಿಗ್ರಿಗೆ ಏರಿದರೆ, ಒಂದು ಹನಿ ನೀರೂ ಹೊರಗೆ ಹೋಗದಿದ್ದರೂ ಆರ್ದ್ರತೆ ಸುಮಾರು ಶೇಕಡ 42ಕ್ಕೆ ಇಳಿಯುತ್ತದೆ. ಬಿಸಿ ಹವೆ ಹೆಚ್ಚು ಆವಿಯನ್ನು ತಾಳಬಲ್ಲದು ಎಂಬುದೇ ಇದಕ್ಕೆ ಕಾರಣ. ಆದುದರಿಂದ ಒಂದು ರೇಖೆ ಏರುವಾಗ ಇನ್ನೊಂದು ಇಳಿಯುವುದು ಸಹಜ. ಎರಡೂ ಒಟ್ಟಿಗೆ ಏರಿದರೆ ಹೊಸದಾಗಿ ತೇವ ಒಳಬಂದಿದೆ ಎಂದರ್ಥ: ಹಸಿ ಸರಕು ಬಂದಿರಬಹುದು, ನೆಲ ತೊಳೆದಿರಬಹುದು, ಸೂರು ಸೋರಿರಬಹುದು. ದಿನಗಟ್ಟಲೆ ಏರಿಳಿತವಿಲ್ಲದ ನೇರ ರೇಖೆ ಕಂಡರೆ ಹವೆ ಸ್ಥಿರವಾಗಿದೆ ಎಂದು ಸಂತೋಷಪಡುವ ಮೊದಲು ಲೇಖನಿ ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಒಂದೇ ಕಡೆ ಮಸಿ ಮಡುಗಟ್ಟಿದ್ದರೆ ಗಡಿಯಾರ ನಿಂತಿದೆ. ಥಟ್ಟನೆ ಜಿಗಿದ ರೇಖೆ ಯಾರೋ ಯಂತ್ರವನ್ನು ತಾಗಿಸಿದ್ದರ ಗುರುತು.

ಹುಳು ಸಾಕುವ ಮನೆಯಲ್ಲಿ

ಚಾಕಿ ಸಾಕಾಣಿಕೆ ನಡೆಸುವವರಿಗೆ ಚಾರ್ಟು ಇನ್ನೂ ಅಗತ್ಯ. ಸಾಮಾನ್ಯವಾಗಿ ಶಿಫಾರಸು ಮಾಡುವ ಮಟ್ಟಗಳು ಹೀಗಿವೆ:

ಮೊದಲನೆಯ ಹಂತ: 28 ಡಿಗ್ರಿ, ಶೇಕಡ 85–90
ಎರಡನೆಯ ಹಂತ: 27 ಡಿಗ್ರಿ, ಶೇಕಡ 85
ಮೂರನೆಯ ಹಂತ: 26 ಡಿಗ್ರಿ, ಶೇಕಡ 80
ನಾಲ್ಕನೆಯ ಹಂತ: 25 ಡಿಗ್ರಿ, ಶೇಕಡ 70–75
ಐದನೆಯ ಹಂತ: 24 ಡಿಗ್ರಿ, ಶೇಕಡ 65–70

ಜ್ವರಕ್ಕೆ ಕುಳಿತ ಹುಳುಗಳ ಹಾಸಿಗೆ ಒಣಗಿರಬೇಕು. ಗೂಡು ಕಟ್ಟುವಾಗ ಆರ್ದ್ರತೆ ಶೇಕಡ 60–65ರಲ್ಲಿದ್ದು ಗಾಳಿಯಾಡುತ್ತಿರಬೇಕು. ಆಗ ತೇವ ಹೆಚ್ಚಾದರೆ ನೂಲು ಸಲೀಸಾಗಿ ಬಿಚ್ಚಿಕೊಳ್ಳದೆ ಎಳೆ ಪದೇ ಪದೇ ಕಡಿಯುತ್ತದೆ. ಗೂಡಿನ ಬೆಲೆ ಬೀಳುತ್ತದೆ. ಹನೂರಿನ ಒಣ ಬಯಲಿಗೂ ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲಿರುವ ಯಳಂದೂರಿನ ಹಳ್ಳಿಗಳಿಗೂ ಹವೆ ಒಂದೇ ಅಲ್ಲ. ನೆರೆಯವನ ಅಂದಾಜನ್ನು ನಂಬುವ ಬದಲು ತನ್ನ ಕೋಣೆಯ ಚಾರ್ಟನ್ನು ನಂಬುವುದು ಲೇಸು.

ಲೆಕ್ಕಪತ್ರಗಳಲ್ಲಿ ಚಾರ್ಟಿನ ಸ್ಥಾನ

ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಹಜ ನಷ್ಟವನ್ನು ದಾಸ್ತಾನಿನ ಬೆಲೆಗೆ ಸೇರಿಸುವಂತಿಲ್ಲ. ಆಯಾ ಅವಧಿಯ ವೆಚ್ಚವಾಗಿ ತೋರಿಸಬೇಕು. ಸಹಜ ಯಾವುದು, ಅಸಹಜ ಯಾವುದು ಎಂಬ ಪ್ರಶ್ನೆಗೆ ವರ್ಷದ ಚಾರ್ಟುಗಳು ಮತ್ತು ತೂಕದ ಚೀಟಿಗಳು ಜೊತೆಯಾಗಿ ಉತ್ತರ ಕೊಡಬಲ್ಲವು. ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದು ಎಂದು 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ತೆರಿಗೆ ತೆತ್ತು ಕೊಂಡ ಸರಕಿನ ಕೊರತೆಯನ್ನು ಕಾರಣ ನಮೂದಿಸದೆ ಒಂದೇ ಸಾಲಿನಲ್ಲಿ ಬರೆದು ಮುಗಿಸುವುದು ಕ್ಷೇಮವಲ್ಲ. ಮಳೆನೀರು ನುಗ್ಗಿ ಸರಕು ಕೆಟ್ಟಾಗ ನೀರು ಬಂದ ದಿನ ಮತ್ತು ಗಂಟೆಯನ್ನು ತೋರಿಸುವ ಚಾರ್ಟು ವಿಮೆಯ ಸರ್ವೇಯರರ ಮುಂದೆ ಇಡಬಹುದಾದ ಉತ್ತಮ ಪೂರಕ ದಾಖಲೆ.

ಚಾರ್ಟುಗಳನ್ನು ದಿನಾಂಕದ ಕ್ರಮದಲ್ಲಿ ಕಟ್ಟಿಡಬೇಕು. ಸರಕು ಮತ್ತು ಸೇವಾ ತೆರಿಗೆಯ ವಹಿಗಳನ್ನು ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು, ಕಂಪನಿಗಳು ತಮ್ಮ ವಹಿಗಳನ್ನು 8 ವರ್ಷ ಕಾಪಾಡಬೇಕು. ಚಾರ್ಟುಗಳನ್ನೂ ಅಷ್ಟೇ ಕಾಲ ಇಟ್ಟರೆ ವಹಿಗೆ ಅವು ಆಧಾರವಾಗಿ ನಿಲ್ಲುತ್ತವೆ. ತಪ್ಪಾದ ಬರಹವನ್ನು ಅಳಿಸಬಾರದು. ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆದು ಸಹಿ ಮಾಡಬೇಕು. ಯಂತ್ರ ಕೆಟ್ಟ ದಿನಗಳನ್ನು ಖಾಲಿ ಎಂದೇ ತೋರಿಸಬೇಕು. ಊಹಿಸಿ ರೇಖೆ ಎಳೆಯುವುದು ಸುಳ್ಳು ದಾಖಲೆ ಸೃಷ್ಟಿಸಿದಂತೆ. ಕಾಗದದ ಬದಲು ವಿದ್ಯುನ್ಮಾನ ಲಾಗರ್ ಬಳಸುವವರಿಗೂ ತಾಳೆ, ವೇಳೆ, ಸಹಿ ಮತ್ತು ಸಂರಕ್ಷಣೆಯ ನಿಯಮಗಳು ಇವೇ.

ಕೊನೆಯದಾಗಿ, ಕೂಲಿಗೆ ನೂಲು ಕೊಡುವವರು ಕೊಟ್ಟ ದಿನದ ಮತ್ತು ಹಿಂದಿರುಗಿದ ದಿನದ ಆರ್ದ್ರತೆಯನ್ನು ತೂಕದ ಪಕ್ಕದಲ್ಲಿಯೇ ಚೀಟಿಯ ಮೇಲೆ ಬರೆಯುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಎರಡು ಅಂಕಿಗಳ ನಡುವೆ ದೊಡ್ಡ ಅಂತರವಿದ್ದಾಗ ಮಜೂರಿ ಮುರಿಯುವ ಮೊದಲು ನೂಲಿನ ಮಾದರಿಯನ್ನು ಒಣಗಿಸಿ ತೂಗಿ ನೋಡತಕ್ಕದ್ದು. ಇದಕ್ಕೆ ತಗಲುವ ವೆಚ್ಚ ಅಲ್ಪ. ಇದರಿಂದ ಉಳಿಯುವುದು ಎರಡು ಕಡೆಯವರ ನಡುವಿನ ನಂಬಿಕೆ.