ಮಾವನ ಮಾತು ನಂಬಿ ಜಾತ್ರೆಗೆ ಒಲೆ ಹೊತ್ತಿಸಬೇಡಿ

ರೊಟ್ಟಿ ಖಾನಾವಳಿ ತೆರೆಯಬೇಕೆಂದು ನನ್ನ ಹತ್ತಿರ ಕೇಳಿಕೊಂಡು ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಜೋಳದ ವಿಷಯ. ಎಣಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಮ್ಮ ಕಡೆ ಯಾರಿಗೆ ಬರುವುದಿಲ್ಲ? ಬಸವನ ಬಾಗೇವಾಡಿಯ ನನ್ನ ಖಾನಾವಳಿಯಲ್ಲಿ ತಾಟಿಗೆ ಬೀಳುವುದೆಲ್ಲ ಹೊಲದ್ದೇ, ಮೊಸರು ಕೇಳಿದವರಿಗಷ್ಟೇ. ತೊಗರಿಬೇಳೆ ಸಿಂದಗಿ ಕಡೆಯದು, ಉಪ್ಪಿನಕಾಯಿಗೆ ಇಂಡಿಯ ಲಿಂಬೆ, ಒಲೆಗೆ ತೊಗರಿ ಕಟ್ಟಿಗೆ. ಉಳಿದ ರೊಟ್ಟಿ ಒಣಗಿ ಕಟಕ ರೊಟ್ಟಿಯಾಗುತ್ತದೆ, ಸಿಪ್ಪೆ ಸೊಪ್ಪು ಎಮ್ಮೆಗೆ ಹೋಗುತ್ತದೆ. ಜೋಳ ಕೈಕೊಟ್ಟರೆ ಮಾತ್ರ ಇದೆಲ್ಲ ಇದ್ದೂ ಇಲ್ಲದಂತೆ.

ನನಗೆ ಹಿಂಗಾರಿಯ ಬಿಳಿಜೋಳ ಮಾಲದಂಡಿಯೇ ಬೇಕು. ಹೈಬ್ರಿಡ್ ಜೋಳದ ಹಿಟ್ಟಿಗೆ ಜಿಗಿ ಸಾಲದು. ಬಡಿಯುವಾಗಲೇ ಅಂಚು ಬಿರಿಯುತ್ತದೆ. ಮಾಲದಂಡಿಯನ್ನೂ ಬೀಸಿ ಬಹಳ ದಿನ ಇಟ್ಟರೆ ಅದೇ ಗತಿ. ಹೀಗಾಗಿ ಹಿಟ್ಟನ್ನಲ್ಲ, ಕಾಳನ್ನೇ ಕೂಡಿಡಬೇಕು.

2023ರಲ್ಲಿ ಅಧಿಕ ಮಾಸ ಬಂದು ಶ್ರಾವಣ, ಅದರೊಂದಿಗೆ ನಮ್ಮೂರ ಜಾತ್ರೆಯೂ ಮುಂದೆ ಹೋಯಿತು. ಆಗಸ್ಟ್ ಇಡೀ ಮಳೆ ಇಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳಿಗೆ ಬರ ಎಂದು ಘೋಷಿಸಿತು, ಆದರೆ ಪೇಟೆಗೆ ಆ ಸುದ್ದಿ ಮೊದಲೇ ಮುಟ್ಟಿತ್ತು. ಮಾಲದಂಡಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 3,225 ರೂಪಾಯಿ. ಅಡತಿಯಲ್ಲಿ ಆ ದರಕ್ಕೆ ಕೇಳಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನನಗೆ ಚಿಂತೆ ಇರಲಿಲ್ಲ. ಡೋಣಿ ಹೊಳೆಸಾಲಿನ ಎರಿಹೊಲದ ನನ್ನ ಸೋದರಮಾವ ಸುಗ್ಗಿಯಲ್ಲೇ ಮಾತು ಕೊಟ್ಟಿದ್ದ: "ನಿನ್ನ ಚೀಲ ನನ್ನ ಮನ್ಯಾಗ ಅದಾವ, ಜಾತ್ರಿಗೆ ಕಳಸ್ತೀನಿ ತಗೋ ಅವ್ವಾ."

ಜಾತ್ರೆಯ ಹಿಂದಿನ ರಾತ್ರಿ ಜೋಳದ ಟಂಟಂ ಬರಲಿಲ್ಲ. ಫೋನ್ ಹಚ್ಚಿದರೆ ಸ್ವಿಚ್ ಆಫ್. ನಡುರಾತ್ರಿಗೆ ಆ ಊರಿನವರೊಬ್ಬರು ಬಾಯಿಬಿಟ್ಟರು: ಚೀಲಗಳೆಲ್ಲ ಸೊಲ್ಲಾಪುರದ ವ್ಯಾಪಾರಿಯ ಲಾರಿ ಏರಿ ಹೋಗಿವೆ. ಅಕ್ಕನ ಮಗಳ ಅನ್ನಕ್ಕೆ ಕೈ ಹಾಕಿ ರೊಕ್ಕ ಎಣಿಸಿಕೊಂಡ ಮನುಷ್ಯ ಅವನು. ಇವತ್ತಿಗೂ ಅವನ ಮನೆಯ ಹೊಸ್ತಿಲು ತುಳಿದಿಲ್ಲ.

ಬದನೆಕಾಯಿ ಸೀಳಿ ಮಸಾಲೆ ತುಂಬಿಯಾಗಿತ್ತು, ಕಾಳು ನೆನೆದಿದ್ದವು. ಅಣ್ಣ ಬಂದು, "ಅಕ್ಕಿಹಿಟ್ಟು ಕೂಡಸು, ಇಲ್ಲಾ ಮೈದಾದ ಚಪಾತಿ ಮಾಡು. ಜಾತ್ರ್ಯಾಗ ಯಾರು ನೋಡ್ತಾರ?" ಅಂದ. ಆಗುವುದಿಲ್ಲ ಅಂದೆ. ಮುದ್ದೇಬಿಹಾಳದಿಂದ, ತಾಳಿಕೋಟಿಯಿಂದ ನಡೆದು ಬಂದವರು ಬಿಳಿಜೋಳದ ರೊಟ್ಟಿ ಎಂದು ನಂಬಿ ಕೂರುತ್ತಾರೆ. ಅವರ ತಾಟಿಗೆ ಬೇರೆಯದನ್ನು ಹೇಗೆ ಹಾಕಲಿ? ಅವನು ಸಿಟ್ಟಾಗಿ ಹೋದ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಮನೆಗೆ ಹೋದರು. ಇವರೂ ಬಿಟ್ಟು ಹೋದರು ಅಂದುಕೊಂಡು ಕಟ್ಟೆಯ ಮೇಲೆ ಕುಸಿದೆ. ಹೋದವರು ಮಕ್ಕಳಿಗೆಂದು ಇಟ್ಟಿದ್ದ ಜೋಳವನ್ನು ಸೆರಗಿನಲ್ಲಿ, ಕೊಡದಲ್ಲಿ ತುಂಬಿಕೊಂಡು ತಿರುಗಿ ಬಂದರು. ಸೇರಿನಿಂದ ಅಳೆದು, ಯಾರದು ಎಷ್ಟು ಎಂದು ಗೋಡೆಗೆ ಇದ್ದಿಲಿನಲ್ಲಿ ಬರೆದೆ. ಗಿರಣಿಯವರನ್ನು ಬಾಗಿಲು ಬಡಿದು ಎಬ್ಬಿಸಿದೆವು. ಬೆಳಗಿನ ಪಂಕ್ತಿಗೆ ಬಿಸಿ ರೊಟ್ಟಿ ಬಿತ್ತು. ಮಧ್ಯಾಹ್ನಕ್ಕೆ ಹಿಟ್ಟು ಮುಗಿಯಿತು. ಸಾಲಿನಲ್ಲಿ ನಿಂತವರಿಗೆ ಕೈಮುಗಿದು ಬಾಗಿಲು ಹಾಕಿದೆ. ಕೂಸು ಎತ್ತಿಕೊಂಡ ತಾಯಿಯೊಬ್ಬಳು ಏನೂ ಅನ್ನದೆ ತಿರುಗಿ ಹೋದಳು. ಅದು ಇನ್ನೂ ಕುಟುಕುತ್ತದೆ. ಆದರೆ ಕಲಬೆರಕೆ ರೊಟ್ಟಿ ಮಾತ್ರ ಹಾಕಲಿಲ್ಲ.

ಜೋಳವನ್ನು ಸುಗ್ಗಿಯಲ್ಲೇ ತೂಗಿಸಿ, ರೊಕ್ಕ ಕೊಟ್ಟು, ನಿಮ್ಮ ಮನೆಗೇ ತಂದು ಬೇವಿನ ಸೊಪ್ಪು ಹಾಕಿ ಇಡಿ. ಬಳಗದವರಿಂದ ಕೊಂಡರಂತೂ ಚೀಟಿ ಬರೆಸಿಕೊಳ್ಳಿ. ಜಾತ್ರೆಗೆ ಮೊದಲು ಕಟಕ ರೊಟ್ಟಿ ಮಾಡಿಡಿ. ರೊಟ್ಟಿ ಬಡಿಯುವವರ ಕೂಲಿ ಆಯಾ ದಿನವೇ ಕೊಡಿ. ಅವತ್ತು ಅವರು ಜೋಳ ತಂದದ್ದು ಕೂಲಿ ಬಾಕಿ ಇರಲಿಲ್ಲವೆಂದೇ.

ಸಾಲದ ವಿಷಯವೂ ಒಂದಿದೆ. ನಾನು ಕೇಳಿದಾಗ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯ 35ರ ಜೊತೆ ರಾಜ್ಯದ ಹೆಚ್ಚುವರಿ 15 ಸೇರಿ ಶೇಕಡಾ 50ರಷ್ಟು ಸಹಾಯಧನವಿತ್ತು. ನಾನು ಹೋದ ಬ್ಯಾಂಕಿನ ಸಾಹೇಬರು ಕಾಗದ ಬಿಚ್ಚದೆಯೇ, "ರೊಟ್ಟಿ ಬಡಿಯೋದು ಉದ್ಯೋಗ ಏನ್ರಿ?" ಎಂದು ಕಳಿಸಿದರು. ಅದು ಉದ್ಯೋಗವೇ. ಯೋಜನೆ ಈಗಲೂ ಇದೆಯೇ ಎಂದು ಮೊದಲು ಕೃಷಿ ಇಲಾಖೆಯಲ್ಲಿ ವಿಚಾರಿಸಿ, ಕಟಕ ರೊಟ್ಟಿ ತಯಾರಿಸಿ ಮಾರುವ ಘಟಕಕ್ಕೆ ಅರ್ಜಿ ಹಾಕಿ, ಆಮೇಲೆ ಬ್ಯಾಂಕಿಗೆ ಹೋಗಿ.